ವಿಂಡೋಸ್ 10 ಮುಗಿಯಿತು, ಲ್ಯಾಪ್‌ಟಾಪ್ ಇನ್ನೂ ಗಟ್ಟಿಯಾಗಿದೆ: ಲಿನಕ್ಸ್‌ಗೆ ಹೋದರೆ ಟ್ಯಾಲಿ, ನುಡಿ, ಗೇಮ್‌ಗಳ ಗತಿಯೇನು?

ಮುಂಬೈಯ ಲ್ಯಾಮಿಂಗ್ಟನ್ ರೋಡ್, ದೆಹಲಿಯ ನೆಹರೂ ಪ್ಲೇಸ್, ಚೆನ್ನೈನ ರಿಚಿ ಸ್ಟ್ರೀಟ್, ಬೆಂಗಳೂರಿನ ಎಸ್‌ಪಿ ರೋಡ್. ಊರು ಯಾವುದಾದರೂ ಅಂಗಡಿಯ ದೃಶ್ಯ ಒಂದೇ. ಕಂಪನಿಗಳು ಬಳಸಿ ಕೈಬಿಟ್ಟ ಲ್ಯಾಪ್‌ಟಾಪ್‌ಗಳು ಸಾಲಾಗಿ ಕುಳಿತಿರುತ್ತವೆ. ಕೋರ್ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಎಲ್ಲವೂ ಇದೆ. ಮಕ್ಕಳ ಓದಿಗೆ, ಅಂಗಡಿಯ ಲೆಕ್ಕಕ್ಕೆ, ಡಿಟಿಪಿ ಕೆಲಸಕ್ಕೆ ಧಾರಾಳವಾಗಿ ಸಾಕು. ಆದರೆ ಅವುಗಳಲ್ಲಿ ಬಹಳಷ್ಟಕ್ಕೆ ವಿಂಡೋಸ್ 11 ಅಧಿಕೃತವಾಗಿ ಹತ್ತುವುದಿಲ್ಲ.

ಕಾರಣ ಗೊತ್ತಿರುವಂಥದ್ದೇ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಆದರೆ, ಕೆಲವು ಅಪವಾದ ಬಿಟ್ಟು, 8ನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಇರಬೇಕು. ಅಂದರೆ 2017ರಲ್ಲಿ ಒಳ್ಳೆಯ ದುಡ್ಡು ಕೊಟ್ಟು ಕೊಂಡ ಯಂತ್ರವೂ ಬಾಗಿಲಾಚೆಯೇ ನಿಲ್ಲಬಹುದು. ಇತ್ತ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ಮನೆ ಬಳಕೆದಾರರಿಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಎಂದು ಒಂದು ವರ್ಷದ ವಿನಾಯಿತಿ ಕೊಟ್ಟಿತು, ಅದರ ಗಡುವು 2026ರ ಅಕ್ಟೋಬರ್ 13. ಈ ಒಂದು ನಿರ್ಧಾರದಿಂದ ಜಗತ್ತಿನಾದ್ಯಂತ ಸುಮಾರು 24 ಕೋಟಿ ಕಂಪ್ಯೂಟರ್‌ಗಳು ಇ-ತ್ಯಾಜ್ಯವಾಗಬಹುದು ಎಂದು ಮಾರುಕಟ್ಟೆ ಸಂಶೋಧನಾ ಸಂಸ್ಥೆ ಕ್ಯಾನಲಿಸ್ 2023ರ ಕೊನೆಯಲ್ಲೇ ಅಂದಾಜು ಮಾಡಿತ್ತು.

'ಲಿನಕ್ಸ್ ಹಾಕಿಕೊಳ್ಳಿ' ಎಂಬ ಸಲಹೆ ಈಗ ಎಲ್ಲ ಕಡೆಯಿಂದ ಬರುತ್ತಿದೆ. ಉಬುಂಟು, ಮಿಂಟ್, ಫೆಡೋರಾ ಎಲ್ಲವೂ ಉಚಿತ, ಹಳೆಯ ಯಂತ್ರದಲ್ಲೂ ಚುರುಕಾಗಿ ಓಡುತ್ತವೆ. ಅದರಲ್ಲಿ ತಕರಾರಿಲ್ಲ. ಆದರೆ ಜನ ಕಂಪ್ಯೂಟರ್ ಇಟ್ಟುಕೊಂಡಿರುವುದು ವಿಂಡೋಸ್ ನೋಡಲು ಅಲ್ಲ. ಟ್ಯಾಲಿ ತೆರೆಯಲು, ನುಡಿಯಲ್ಲಿ ಟೈಪ್ ಮಾಡಲು, ಎಕ್ಸೆಲ್ ಶೀಟ್ ತುಂಬಲು, ಮಗ ಗೇಮ್ ಆಡಲು. ಅವೆಲ್ಲ ವಿಂಡೋಸ್‌ಗೆಂದೇ ಬರೆದ ಪ್ರೋಗ್ರಾಂಗಳು. ಅವು ಲಿನಕ್ಸ್‌ನಲ್ಲಿ ಓಡುತ್ತವೆಯೇ ಎಂಬುದೇ ಅಸಲಿ ಪ್ರಶ್ನೆ. ಹತ್ತು ವರ್ಷದ ಹಿಂದೆ 'ಬಹುತೇಕ ಇಲ್ಲ' ಎಂದು ಹೇಳಿ ಮುಗಿಸಬಹುದಿತ್ತು. ಈಗ ಹಾಗೆ ಹೇಳಲು ಬರುವುದಿಲ್ಲ.

ವೈನ್ ಎಂಬ ದುಭಾಷಿ

ಈ ಬದಲಾವಣೆಯ ಬುಡದಲ್ಲಿರುವುದು ವೈನ್ ಎಂಬ ತಂತ್ರಾಂಶ. ಕುಡಿಯುವ ವೈನ್‌ಗೂ ಇದಕ್ಕೂ ಸಂಬಂಧವಿಲ್ಲ. 'ವೈನ್ ಈಸ್ ನಾಟ್ ಆ್ಯನ್ ಎಮ್ಯುಲೇಟರ್' ಎಂಬುದರ ಮೊದಲಕ್ಷರಗಳನ್ನು ಸೇರಿಸಿ ಇಟ್ಟ ಹೆಸರು. ವಿಂಡೋಸ್ 3.1ರ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸಬೇಕೆಂಬ ಆಸೆಯಿಂದ 1993ರಲ್ಲಿ ಬಾಬ್ ಆಮ್‌ಸ್ಟಾಟ್ ಮತ್ತು ಎರಿಕ್ ಯಂಗ್‌ಡೇಲ್ ಇದನ್ನು ಶುರು ಮಾಡಿದರು. 1994ರಿಂದ ಇದರ ಚುಕ್ಕಾಣಿ ಅಲೆಕ್ಸಾಂಡರ್ ಜೂಲಿಯಾರ್ ಅವರ ಕೈಯಲ್ಲಿದೆ. ಆವೃತ್ತಿ 1.0 ಎಂದು ಹೇಳಿಕೊಳ್ಳುವ ಧೈರ್ಯ ಬಂದದ್ದು 2008ರಲ್ಲಿ, ಅಂದರೆ 15 ವರ್ಷಗಳ ನಂತರ. ತಂತ್ರಾಂಶ ಲೋಕದಲ್ಲಿ ಇಷ್ಟು ತಾಳ್ಮೆಯ ಯೋಜನೆಗಳು ಕಡಿಮೆ.

ಇದರ ಕೆಲಸ ಅರ್ಥವಾಗಲು ಒಂದು ಮಾತು ತಿಳಿದಿದ್ದರೆ ಸಾಕು. ವಿಂಡೋಸ್ ಪ್ರೋಗ್ರಾಂ ಆಗಲಿ, ಲಿನಕ್ಸ್ ಪ್ರೋಗ್ರಾಂ ಆಗಲಿ, ಪ್ರೊಸೆಸರ್‌ಗೆ ಕೊಡುವ ಆದೇಶಗಳ ಭಾಷೆ ಒಂದೇ. ವ್ಯತ್ಯಾಸ ಇರುವುದು ಆಪರೇಟಿಂಗ್ ಸಿಸ್ಟಂ ಜತೆಗಿನ ಮಾತುಕತೆಯಲ್ಲಿ. 'ಈ ಫೈಲ್ ತೆರೆ', 'ಪರದೆಯ ಮೇಲೆ ಕಿಟಕಿ ಬಿಡಿಸು', 'ಪ್ರಿಂಟರ್‌ಗೆ ಕಳಿಸು' ಎಂದು ಪ್ರೋಗ್ರಾಂ ಕೇಳುವುದು ವಿಂಡೋಸ್‌ನ ಲೈಬ್ರರಿ ಫೈಲ್‌ಗಳನ್ನು. ವೈನ್ ಅದೇ ಹೆಸರಿನ, ಅದೇ ರೀತಿ ಉತ್ತರಿಸುವ ಲೈಬ್ರರಿಗಳನ್ನು ತಾನೇ ಬರೆದು ಅಲ್ಲಿ ಕೂರಿಸಿದೆ. ಪ್ರೋಗ್ರಾಂ ಕೇಳಿದ್ದನ್ನು ಲಿನಕ್ಸ್‌ಗೆ ತಿಳಿಯುವಂತೆ ಹೇಳಿ, ಬಂದ ಉತ್ತರವನ್ನು ವಿಂಡೋಸ್ ಧಾಟಿಯಲ್ಲೇ ಮರಳಿಸುತ್ತದೆ. ಪ್ರೋಗ್ರಾಂಗೆ ತಾನು ಬೇರೆ ಊರಿಗೆ ಬಂದಿದ್ದೇನೆ ಎಂಬುದೇ ಗೊತ್ತಾಗುವುದಿಲ್ಲ. ಒಂದು ಯಂತ್ರದೊಳಗೆ ಇನ್ನೊಂದು ಯಂತ್ರವನ್ನು ಅನುಕರಿಸುವ ಗೋಜಿಲ್ಲದ ಕಾರಣ ವೇಗ ಹೆಚ್ಚು ಕುಗ್ಗುವುದಿಲ್ಲ.

ಕೇಳಲು ಸುಲಭ, ಮಾಡಲು ಕಷ್ಟ. ವಿಂಡೋಸ್‌ನಲ್ಲಿ ಇಂಥ ಸೇವೆಗಳು ಸಾವಿರಾರು. ಹಲವಕ್ಕೆ ಸರಿಯಾದ ದಾಖಲೆಯೇ ಇಲ್ಲ. ಮೈಕ್ರೋಸಾಫ್ಟ್‌ನ ಮೂಲ ಕೋಡ್ ನೋಡಿದವರಿಂದ ಒಂದು ಸಾಲನ್ನೂ ತೆಗೆದುಕೊಳ್ಳಬಾರದು ಎಂಬುದು ವೈನ್ ತಂಡದ ನಿಯಮ. ಹಾಗಾಗಿ ಹೊರಗಿನಿಂದ ಪರೀಕ್ಷಿಸಿ, ವಿಂಡೋಸ್ ಹೇಗೆ ವರ್ತಿಸುತ್ತದೆಂದು ನೋಡಿ, ಅದನ್ನೇ ಹೊಸದಾಗಿ ಬರೆಯಬೇಕು. ವಿಂಡೋಸ್‌ನಲ್ಲಿರುವ ದೋಷವನ್ನೂ ಅನುಕರಿಸಬೇಕು, ಏಕೆಂದರೆ ಆ ದೋಷವನ್ನೇ ನಂಬಿ ಬರೆದ ಪ್ರೋಗ್ರಾಂಗಳೂ ಇವೆ.

ಇದು ಕಾನೂನುಬದ್ಧವೇ ಎಂಬ ಅನುಮಾನ ಹಲವರಿಗೆ ಇದೆ. ವೈನ್‌ನಲ್ಲಿ ಮೈಕ್ರೋಸಾಫ್ಟ್‌ನ ಕೋಡ್ ಇಲ್ಲ, ಕೇವಲ ಅದೇ ಹೆಸರಿನ ಸೇವೆಗಳಿವೆ. ಜಾವಾದ ಇಂಥದ್ದೇ ಹೆಸರು-ವಿನ್ಯಾಸಗಳನ್ನು ಗೂಗಲ್ ಆಂಡ್ರಾಯ್ಡ್‌ನಲ್ಲಿ ಮರುಬಳಸಿದ್ದು ನ್ಯಾಯಯುತ ಬಳಕೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ಒರಾಕಲ್ ವಿರುದ್ಧ ತೀರ್ಪಿತ್ತಿತು. ಆ ತೀರ್ಪು ವೈನ್ ಬಗ್ಗೆ ಅಲ್ಲದಿದ್ದರೂ ಇಂಥ ಯೋಜನೆಗಳಿಗೆ ಉಸಿರಾಡಲು ಜಾಗ ಮಾಡಿಕೊಟ್ಟಿತು. ಸ್ವತಃ ಮೈಕ್ರೋಸಾಫ್ಟ್ 2024ರಲ್ಲಿ ತನ್ನ ಬಳಿ ಇದ್ದ ಮೊನೊ ಯೋಜನೆಯನ್ನು ವೈನ್ ತಂಡಕ್ಕೇ ಒಪ್ಪಿಸಿತು. ಕಾಲ ಎಷ್ಟು ಬದಲಾಗಿದೆ ನೋಡಿ.

ಗೇಮ್ ಕಂಪನಿಯ ಭಯದಿಂದ ಆದ ಲಾಭ

ವೈನ್ 20 ವರ್ಷ ಆಮೆಗತಿಯಲ್ಲಿ ನಡೆಯಿತು. ಅದಕ್ಕೆ ಓಟ ಕಲಿಸಿದ್ದು ಸ್ಟೀಮ್ ಎಂಬ ಗೇಮ್ ಮಾರಾಟ ವೇದಿಕೆ ನಡೆಸುವ ಅಮೆರಿಕದ ವಾಲ್ವ್ ಕಂಪನಿ. ಅದಕ್ಕೆ ಲಿನಕ್ಸ್ ಮೇಲೆ ಪ್ರೀತಿ ಉಕ್ಕಿ ಬಂದದ್ದಲ್ಲ. 2012ರಲ್ಲಿ ಬಂದ ವಿಂಡೋಸ್ 8ರಲ್ಲಿ ಮೈಕ್ರೋಸಾಫ್ಟ್ ತನ್ನದೇ ಆ್ಯಪ್ ಸ್ಟೋರ್ ಇಟ್ಟಿತು. ನಾಳೆ ಹೊರಗಿನ ಅಂಗಡಿಗಳಿಗೆ ಬಾಗಿಲು ಹಾಕಿದರೆ? ವಾಲ್ವ್‌ನ ಮುಖ್ಯಸ್ಥ ಗೇಬ್ ನ್ಯೂವೆಲ್ ಹಿಂದೆ ಮೈಕ್ರೋಸಾಫ್ಟ್‌ನಲ್ಲೇ ವರ್ಷಗಟ್ಟಲೆ ದುಡಿದವರು, ಆ ಮನೆಯ ಒಳಗುಟ್ಟು ಗೊತ್ತಿದ್ದವರು. ವಿಂಡೋಸ್ 8 ಇಡೀ ಪಿಸಿ ಉದ್ಯಮಕ್ಕೇ ಅನಾಹುತ ಎಂದು ಅವರು ಬಹಿರಂಗವಾಗಿಯೇ ಹೇಳಿದರು.

2013ರಲ್ಲಿ ಸ್ಟೀಮ್ ಲಿನಕ್ಸ್‌ಗೆ ಬಂತು. 2015ರಲ್ಲಿ ಸ್ಟೀಮ್ ಮೆಷಿನ್ ಎಂಬ ಲಿನಕ್ಸ್ ಗೇಮಿಂಗ್ ಪಿಸಿಗಳು ಮಾರುಕಟ್ಟೆಗೆ ಬಂದು ನೆಲಕಚ್ಚಿದವು. ಲಿನಕ್ಸ್‌ಗೆಂದು ಪ್ರತ್ಯೇಕವಾಗಿ ಗೇಮ್ ಬರೆಯಿರಿ ಎಂದರೆ ಕಂಪನಿಗಳು ಬರೆಯಲಿಲ್ಲ, ಗೇಮ್ ಇಲ್ಲದ ಯಂತ್ರವನ್ನು ಯಾರೂ ಕೊಳ್ಳಲಿಲ್ಲ. ಆ ಸೋಲಿನಿಂದ ವಾಲ್ವ್ ಕಲಿತದ್ದು ದೊಡ್ಡ ಪಾಠ: ಗೇಮ್ ತಯಾರಕರನ್ನು ಬೇಡುವುದು ಬಿಟ್ಟು, ಇರುವ ವಿಂಡೋಸ್ ಗೇಮನ್ನೇ ಓಡಿಸಬೇಕು.

2018ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಪ್ರೋಟಾನ್ ಆ ಪಾಠದ ಫಲ. ವೈನ್‌ನ ಜತೆಗೆ ಡಿಎಕ್ಸ್‌ವಿಕೆ ಎಂಬ ಇನ್ನೊಂದು ತಂತ್ರಾಂಶವನ್ನು ಇದರಲ್ಲಿ ಜೋಡಿಸಲಾಯಿತು. ವಿಂಡೋಸ್ ಗೇಮ್‌ಗಳು ಚಿತ್ರ ಬಿಡಿಸಲು ಬಳಸುವ ಡೈರೆಕ್ಟ್‌ಎಕ್ಸ್ ಭಾಷೆಯನ್ನು ವಲ್ಕನ್ ಎಂಬ ಮುಕ್ತ ಗ್ರಾಫಿಕ್ಸ್ ಭಾಷೆಗೆ ಇದು ಆಟ ನಡೆಯುವಾಗಲೇ ಅನುವಾದಿಸುತ್ತದೆ. ಡೈರೆಕ್ಟ್‌ಎಕ್ಸ್ 12ಕ್ಕೆ ವಿಕೆಡಿ3ಡಿ-ಪ್ರೋಟಾನ್ ಎಂಬ ಬೇರೆ ಅನುವಾದಕ ಇದೆ. ಆಟಗಾರ ಇದ್ಯಾವುದನ್ನೂ ತಿಳಿಯಬೇಕಿಲ್ಲ. ಸ್ಟೀಮ್‌ನಲ್ಲಿ ಇನ್‌ಸ್ಟಾಲ್ ಒತ್ತಿದರೆ ಮುಗಿಯಿತು. 2022ರ ಫೆಬ್ರವರಿಯಲ್ಲಿ ಇದೇ ಬಲದ ಮೇಲೆ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿಯುವ ಯಂತ್ರ ಬಂತು. ಆ ಹೊತ್ತಿಗೆ ಬಿಡುಗಡೆಯಾದ 'ಎಲ್ಡೆನ್ ರಿಂಗ್' ಪಿಸಿಯಲ್ಲಿ ತಡೆತಡೆದು ಓಡುತ್ತಿದೆ ಎಂಬ ದೂರುಗಳಿದ್ದಾಗ ವಾಲ್ವ್ ತನ್ನ ಅನುವಾದದ ಪದರದಲ್ಲೇ ಅದಕ್ಕೆ ಔಷಧ ಹಚ್ಚಿತು. ಗೇಮ್ ಬರೆದವರು ಮಾಡಬೇಕಾದ ರಿಪೇರಿಯನ್ನು ದುಭಾಷಿಯೇ ಮಾಡಿದಂತಾಯಿತು.

ಸ್ಟೀಮ್‌ನ ಮಾಸಿಕ ಸಮೀಕ್ಷೆಯಲ್ಲಿ ಲಿನಕ್ಸ್ ಬಳಕೆದಾರರ ಪಾಲು ಮೊದಲ ಬಾರಿಗೆ 3 ಶೇಕಡಾ ದಾಟಿದ್ದು 2025ರ ಅಕ್ಟೋಬರ್‌ನಲ್ಲಿ, ವಿಂಡೋಸ್ 10 ಬೆಂಬಲ ಮುಗಿದ ಅದೇ ತಿಂಗಳಲ್ಲಿ. ಮರುತಿಂಗಳೇ ವಾಲ್ವ್ ಸ್ಟೀಮ್ ಮೆಷಿನ್ ಹೆಸರನ್ನು ಮತ್ತೆ ಎತ್ತಿಕೊಂಡು ಹೊಸ ಯಂತ್ರ ಘೋಷಿಸಿತು. 3 ಶೇಕಡಾ ಎಂಬುದು ಸಣ್ಣ ಸಂಖ್ಯೆಯೇ. ಆದರೆ 2015ರ ಸೋಲಿನ ಎದುರು ಇಟ್ಟು ನೋಡಿದರೆ ಸಣ್ಣದಲ್ಲ.

ಲಿನಕ್ಸ್ ಕರ್ನಲ್ ಕೂಡ ಈಗ ವಿಂಡೋಸ್ ಗೇಮ್‌ಗಳಿಗೆಂದು ಜಾಗ ಮಾಡಿಕೊಡುತ್ತಿದೆ. 2025ರ ಮಾರ್ಚ್‌ನಲ್ಲಿ ಬಂದ 6.14 ಆವೃತ್ತಿಯಲ್ಲಿ ಸೇರಿದ ಎನ್‌ಟಿಸಿಂಕ್ ಎಂಬ ಭಾಗದ ಕೆಲಸ ಇಷ್ಟೇ: ವಿಂಡೋಸ್ ಪ್ರೋಗ್ರಾಂನ ಹಲವು ಎಳೆಗಳು ಒಂದಕ್ಕೊಂದು ಕಾಯುವ ಪದ್ಧತಿಯನ್ನು ಕರ್ನಲ್ ಮಟ್ಟದಲ್ಲೇ ಒದಗಿಸುವುದು. ಮೊದಲು ವೈನ್ ಇದಕ್ಕೆ ಸುತ್ತುಬಳಸಿ ಹೋಗಬೇಕಿತ್ತು.

ಕಳ್ಳಾಟ ತಡೆಯುವ ಕಾವಲುಗಾರ

ಹಾಗಾದರೆ ಎಲ್ಲ ಗೇಮೂ ಓಡುತ್ತದೆಯೇ? ಇಲ್ಲ. ಒಬ್ಬರೇ ಆಡುವ ಗೇಮ್‌ಗಳಲ್ಲಿ ಬಹುಪಾಲು ಓಡುತ್ತವೆ. ಕೌಂಟರ್-ಸ್ಟ್ರೈಕ್ 2, ಡೋಟಾ 2 ವಾಲ್ವ್‌ನದೇ ಆದ್ದರಿಂದ ಲಿನಕ್ಸ್‌ಗೆಂದೇ ಸಿಗುತ್ತವೆ. ಆದರೆ ಭಾರತದ ಹುಡುಗರು ಹಗಲೂ ರಾತ್ರಿ ಆಡುವ ವ್ಯಾಲರಂಟ್ ಓಡುವುದಿಲ್ಲ. ಫೋರ್ಟ್‌ನೈಟ್ ಓಡುವುದಿಲ್ಲ. ಅಪೆಕ್ಸ್ ಲೆಜೆಂಡ್ಸ್ ಓಡುತ್ತಿತ್ತು, 2024ರ ಅಕ್ಟೋಬರ್ ಕೊನೆಯಲ್ಲಿ ಕಂಪನಿಯೇ ಲಿನಕ್ಸ್ ಆಟಗಾರರಿಗೆ ಬಾಗಿಲು ಹಾಕಿತು. ಜಿಟಿಎ 5ರ ಆನ್‌ಲೈನ್ ಆಟಕ್ಕೂ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅದೇ ಗತಿಯಾಯಿತು.

ಇಲ್ಲಿ ತಾಂತ್ರಿಕ ಅಡ್ಡಿಗಿಂತ ನಂಬಿಕೆಯ ಅಡ್ಡಿ ದೊಡ್ಡದು. ಆನ್‌ಲೈನ್ ಗೇಮ್‌ಗಳಲ್ಲಿ ಮೋಸ ತಡೆಯಲು ಆ್ಯಂಟಿ-ಚೀಟ್ ತಂತ್ರಾಂಶ ಇರುತ್ತದೆ. ವ್ಯಾಲರಂಟ್‌ನ ವ್ಯಾನ್‌ಗಾರ್ಡ್‌ನಂಥವು ವಿಂಡೋಸ್‌ನ ಕರ್ನಲ್‌ಗೇ, ಅಂದರೆ ಗರ್ಭಗುಡಿಗೇ, ಇಳಿದು ಕೂರುತ್ತವೆ. ವೈನ್ ಗರ್ಭಗುಡಿಯ ಹೊರಗೆ ಕೆಲಸ ಮಾಡುವ ದುಭಾಷಿ. ಲಿನಕ್ಸ್‌ನಲ್ಲಿ ವಿಂಡೋಸ್ ಕರ್ನಲ್ ಎಂಬುದೇ ಇಲ್ಲದಿರುವಾಗ ಕಾವಲುಗಾರ ಎಲ್ಲಿ ಕೂರಬೇಕು? ಈಸಿ ಆ್ಯಂಟಿ-ಚೀಟ್ ಮತ್ತು ಬ್ಯಾಟಲ್‌ಐ ಎಂಬ ಎರಡು ದೊಡ್ಡ ಕಾವಲು ತಂತ್ರಾಂಶಗಳು 2021ರಲ್ಲೇ ಪ್ರೋಟಾನ್‌ಗೆ ಒಪ್ಪಿಗೆ ಕೊಟ್ಟವು. ಆದರೆ ಆ ಸೌಲಭ್ಯ ಬಳಸಬೇಕೋ ಬೇಡವೋ ಎಂಬುದು ಆಯಾ ಗೇಮ್ ಕಂಪನಿಗೆ ಬಿಟ್ಟದ್ದು. ಲಿನಕ್ಸ್‌ನಲ್ಲಿ ಬಳಕೆದಾರ ಕರ್ನಲನ್ನೇ ತಿದ್ದಬಲ್ಲ, ಆದ್ದರಿಂದ ನಂಬಲಾಗದು ಎಂಬುದು ಒಪ್ಪದ ಕಂಪನಿಗಳ ವಾದ. ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಆದರೆ ಗರ್ಭಗುಡಿಯಲ್ಲಿ ಕಾವಲುಗಾರ ಕೂತ ವಿಂಡೋಸ್‌ನಲ್ಲೂ ಮೋಸ ನಿಂತಿಲ್ಲ ಎಂಬುದನ್ನು ಆಡುವವರನ್ನೇ ಕೇಳಬಹುದು.

ಪರಿಸ್ಥಿತಿ ಬದಲಾಗುವ ಒಂದು ಸಾಧ್ಯತೆ ಬೇರೆ ಕಡೆಯಿಂದ ಬಂದಿದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್‌ನ ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತಿದ್ದು ನೆನಪಿರಬಹುದು. ವಿಮಾನ ನಿಲ್ದಾಣಗಳಲ್ಲಿ ಅಂದು ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಆ ನಂತರ ಭದ್ರತಾ ತಂತ್ರಾಂಶಗಳನ್ನು ಕರ್ನಲ್‌ನಿಂದ ಹೊರಗೆ ತರುವ ಕೆಲಸಕ್ಕೆ ಮೈಕ್ರೋಸಾಫ್ಟ್ ಕೈಹಾಕಿದೆ. ಗೇಮ್ ಕಾವಲುಗಾರರೂ ಮುಂದೊಂದು ದಿನ ಹೊರಗೆ ಬರಬೇಕಾದರೆ ವೈನ್‌ನ ದಾರಿ ಸುಗಮವಾಗುತ್ತದೆ. ಅಲ್ಲಿಯವರೆಗೆ ವ್ಯಾಲರಂಟ್ ಆಡುವ ಮಗನಿರುವ ಮನೆಯಲ್ಲಿ ವಿಂಡೋಸ್ ಪೂರ್ತಿ ಅಳಿಸಿದರೆ ಜಗಳ ಖಚಿತ.

ಟ್ಯಾಲಿ, ಜಿಎಸ್‌ಟಿ ಮತ್ತು ಯುಎಸ್‌ಬಿ ಟೋಕನ್

ಗೇಮ್‌ಗೆ ವಾಲ್ವ್‌ನಂಥ ದೊಡ್ಡ ದೊರೆ ಸಿಕ್ಕಿತು. ಕಚೇರಿ ತಂತ್ರಾಂಶಗಳಿಗೆ ಅಂಥ ದೊರೆ ಸಿಗಲಿಲ್ಲ. ಕೋಡ್‌ವೀವರ್ಸ್ ಎಂಬ ಕಂಪನಿ ಕ್ರಾಸ್‌ಓವರ್ ಹೆಸರಿನಲ್ಲಿ ವೈನ್‌ನ ಹಣ ಕೊಟ್ಟು ಕೊಳ್ಳುವ ರೂಪವನ್ನು ಮಾರುತ್ತದೆ, ವೈನ್‌ಗೆ ಕೋಡ್ ಬರೆಯುವವರಲ್ಲೂ ಅದು ಮುಂಚೂಣಿಯಲ್ಲಿದೆ. ಆದರೆ ಅದರ ಕಣ್ಣು ಅಮೆರಿಕ, ಯೂರೋಪಿನ ಗ್ರಾಹಕರ ಮೇಲೆ. ಡೊಂಬಿವಲಿಯ ಕಿರಾಣಿ ಅಂಗಡಿಯ ಲೆಕ್ಕ ಅದಕ್ಕೆ ಕಾಣುವುದಿಲ್ಲ.

ಬೆಂಗಳೂರಿನಲ್ಲೇ ತಯಾರಾಗುವ ಟ್ಯಾಲಿಯನ್ನೇ ತೆಗೆದುಕೊಳ್ಳಿ. ಅದು ವಿಂಡೋಸ್‌ಗೆಂದು ಬರೆದ ತಂತ್ರಾಂಶ. ವೈನ್‌ನಲ್ಲಿ ಓಡಿಸಿ ನೋಡಿದವರಿದ್ದಾರೆ. ಪರದೆ ತೆರೆಯುತ್ತದೆ, ವೋಚರ್ ನಮೂದಿಸಬಹುದು ಎಂದಾದರೂ ಲೈಸೆನ್ಸ್ ಪರಿಶೀಲನೆ, ಹಲವು ಕಂಪ್ಯೂಟರ್‌ಗಳ ನಡುವೆ ಡೇಟಾ ಹಂಚಿಕೆ, ಪ್ರಿಂಟ್ ಮುಂತಾದ ಕಡೆ ತೊಡಕು ಬಂದರೆ ಸಹಾಯವಾಣಿಗೆ ಫೋನ್ ಮಾಡಿ ಕೇಳುವಂತಿಲ್ಲ. ವರ್ಷದ ಕೊನೆಯ ದಿನ ಲೆಕ್ಕ ಮುಚ್ಚುವಾಗ ಇದು ಸಣ್ಣ ಮಾತಲ್ಲ. ಟ್ಯಾಲಿಯೇ ವ್ಯಾಪಾರದ ಬೆನ್ನೆಲುಬಾಗಿದ್ದರೆ, ಅದರ ಕ್ಲೌಡ್ ಆವೃತ್ತಿಯನ್ನು ಬಳಸುವುದು ಅಥವಾ ಒಂದು ಯಂತ್ರವನ್ನು ವಿಂಡೋಸ್‌ಗೇ ಬಿಟ್ಟುಕೊಡುವುದು ಜಾಣತನ.

ತೆರಿಗೆಯ ಕೆಲಸದಲ್ಲಿ ಬ್ರೌಸರ್‌ನಲ್ಲಿ ಆಗುವುದೆಲ್ಲ ಲಿನಕ್ಸ್‌ನಲ್ಲೂ ಆಗುತ್ತದೆ. ಆದಾಯ ತೆರಿಗೆ ರಿಟರ್ನ್ ಅನ್ನು ಪೋರ್ಟಲ್‌ನಲ್ಲೇ ತುಂಬುವವರಿಗೆ ಯಾವ ತೊಂದರೆಯೂ ಇಲ್ಲ. ಎಕ್ಸೆಲ್ ಮ್ಯಾಕ್ರೋ ಇರುವ ಆಫ್‌ಲೈನ್ ಫೈಲ್‌ಗಳನ್ನು ಬಳಸುವ ಅಕೌಂಟೆಂಟ್‌ಗಳಿಗೆ ಕಷ್ಟ. ಲಿಬ್ರೆಆಫೀಸ್ ಆ ಮ್ಯಾಕ್ರೋಗಳನ್ನು ನಂಬಿಕೆಯಿಂದ ಓಡಿಸುವುದಿಲ್ಲ, ಮೈಕ್ರೋಸಾಫ್ಟ್ 365ರ ಹೊಸ ಆವೃತ್ತಿ ವೈನ್‌ನಲ್ಲಿ ಸರಿಯಾಗಿ ಕೂರುವುದಿಲ್ಲ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇನ್ನೊಂದು ತಲೆನೋವು. ಯಂತ್ರಾಂಶದ ಡ್ರೈವರ್‌ಗಳು ಕರ್ನಲ್‌ಗೆ ಸೇರಿದ ವಿಷಯ, ವಿಂಡೋಸ್ ಡ್ರೈವರ್ ವೈನ್‌ನಲ್ಲಿ ಕೆಲಸ ಮಾಡುವುದಿಲ್ಲ. ಟೋಕನ್ ತಯಾರಕರು ಲಿನಕ್ಸ್ ಡ್ರೈವರ್ ಕೊಟ್ಟಿದ್ದರೆ ಬದುಕಿದಂತೆ. ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಯಂತ್ರಕ್ಕೂ ಇದೇ ಮಾತು.

ಇಂಥ ಕಡೆ ವೈನ್ ಬಿಟ್ಟು ವರ್ಚುವಲ್ ಮೆಷಿನ್ ಬಳಸಬಹುದು. ವರ್ಚುವಲ್‌ಬಾಕ್ಸ್‌ನಂಥ ತಂತ್ರಾಂಶದೊಳಗೆ ವಿಂಡೋಸ್ ಅನ್ನೇ ಪೂರ್ತಿ ಹಾಕಿ, ಯುಎಸ್‌ಬಿ ಸಾಧನವನ್ನು ಅದಕ್ಕೇ ಒಪ್ಪಿಸುವ ವಿಧಾನ ಅದು. ಆದರೆ ಅದಕ್ಕೆ ವಿಂಡೋಸ್ ಲೈಸೆನ್ಸ್ ಬೇಕು, 8 ಜಿಬಿ ರ‍್ಯಾಮ್‌ನಲ್ಲಿ ಎರಡು ಸಂಸಾರ ನಡೆಸಿದಂತಾಗುತ್ತದೆ.

ನುಡಿಯಲ್ಲಿ ಬರೆದಿಟ್ಟ ಕಡತಗಳು

ಕನ್ನಡಿಗರಿಗೆ ಇನ್ನೊಂದು ವಿಶೇಷ ಚಿಂತೆ ಇದೆ. ಮುಂಬೈ, ಪುಣೆ, ಹೈದರಾಬಾದ್‌ನ ಕನ್ನಡ ಸಂಘಗಳ ಕಂಪ್ಯೂಟರ್‌ಗಳಲ್ಲಿ ವರ್ಷಾನುಗಟ್ಟಲೆಯ ವಾರ್ಷಿಕ ವರದಿ, ಸ್ಮರಣ ಸಂಚಿಕೆ, ನಾಟಕದ ಪ್ರತಿಗಳು ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ಕೂತಿವೆ. ಕನ್ನಡ ಗಣಕ ಪರಿಷತ್ತಿನ ನುಡಿಯಾಗಲಿ, ಬರಹವಾಗಲಿ ವಿಂಡೋಸ್‌ಗೆಂದೇ ಹುಟ್ಟಿದವು. ಲಿನಕ್ಸ್‌ಗೆ ಹೋದರೆ ಇವೆಲ್ಲ ಹೋಯಿತೇ ಎಂಬ ಆತಂಕ ಸಹಜ.

ಇಲ್ಲಿ ಸಮಾಚಾರ ನಿರೀಕ್ಷೆಗಿಂತ ಚೆನ್ನಾಗಿದೆ, ಆದರೆ ವೈನ್‌ನಿಂದಲ್ಲ. ನುಡಿಯನ್ನು ವೈನ್‌ನೊಳಗೆ ತೆರೆದರೂ ಅದು ಕೀಲಿ ಒತ್ತುವುದನ್ನು ಗಮನಿಸಬಲ್ಲದ್ದು ವೈನ್‌ನ ಕಿಟಕಿಗಳಲ್ಲಿ ಮಾತ್ರ. ಪಕ್ಕದ ಲಿಬ್ರೆಆಫೀಸ್ ಅಥವಾ ಫೈರ್‌ಫಾಕ್ಸ್‌ನಲ್ಲಿ ಕನ್ನಡ ಮೂಡುವುದಿಲ್ಲ. ಅದರ ಅಗತ್ಯವೂ ಇಲ್ಲ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದು, ನುಡಿ ಬಳಸುವವರ ಬೆರಳಿಗೆ ಒಗ್ಗಿಹೋಗಿರುವ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲಿ ಮೊದಲಿನಿಂದಲೇ ಅಡಕವಾಗಿದೆ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡ ಹುಡುಕಿ ಕಗಪ ಆರಿಸಿಕೊಂಡರೆ ನೇರವಾಗಿ ಯುನಿಕೋಡ್ ಕನ್ನಡ ಮೂಡುತ್ತದೆ. ಹಳೆಯ ಕಡತಗಳನ್ನು ಓದಲು ನುಡಿಯ ಫಾಂಟ್ ಫೈಲ್‌ಗಳನ್ನು ಲಿನಕ್ಸ್‌ಗೆ ನಕಲಿಸಿದರೆ ಸಾಮಾನ್ಯವಾಗಿ ಸಾಕು. ಆದರೂ ಅವನ್ನು ಪರಿವರ್ತಕದ ಮೂಲಕ ಯುನಿಕೋಡ್‌ಗೆ ತಂದಿಟ್ಟುಕೊಳ್ಳುವುದು ಒಳಿತು, ಲಿನಕ್ಸ್‌ಗೆ ಹೋದರೂ ಹೋಗದಿದ್ದರೂ. ಆ ಫಾಂಟ್ ಇಲ್ಲದ ಮೊಬೈಲ್‌ನಲ್ಲಿ ಈಗಲೂ ಆ ಬರಹ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿಯೇ ಕಾಣುತ್ತದೆ.

ಒಂದು ತಮಾಷೆಯ ಸಂಗತಿ: 16 ಬಿಟ್ ಕಾಲದ, ಅಂದರೆ ವಿಂಡೋಸ್ 3.1ರ ದಿನಗಳ ಪ್ರೋಗ್ರಾಂ ಯಾರ ಬಳಿಯಾದರೂ ಉಳಿದಿದ್ದರೆ ಅದು ವಿಂಡೋಸ್ 11ರಲ್ಲಿ ನೇರವಾಗಿ ಓಡುವುದೇ ಇಲ್ಲ. ವೈನ್‌ನಲ್ಲಿ ಓಡಬಹುದು. ಹಳೆಯದನ್ನು ಕಾಪಾಡುವ ವಿಷಯದಲ್ಲಿ ಶಿಷ್ಯ ಗುರುವನ್ನು ಮೀರಿಸಿದ್ದಾನೆ.

ಅನುವಾದವೇ ಸಾಕೆಂದರೆ ಮೂಲ ಬರೆಯುವವರಾರು?

ಲಿನಕ್ಸ್ ವಲಯದಲ್ಲೇ ವೈನ್ ಬಗ್ಗೆ ಹಳೆಯ ಅಸಮಾಧಾನ ಒಂದಿದೆ. ವಿಂಡೋಸ್ ಪ್ರೋಗ್ರಾಂ ಹೇಗೂ ಓಡುತ್ತದೆಂದರೆ ಲಿನಕ್ಸ್‌ಗೆ ಬೇರೆಯಾಗಿ ಯಾರು ಬರೆಯುತ್ತಾರೆ? 1990ರ ದಶಕದಲ್ಲಿ ಐಬಿಎಂನ ಒಎಸ್/2 ವಿಂಡೋಸ್ ಪ್ರೋಗ್ರಾಂಗಳನ್ನು ಚೆನ್ನಾಗಿಯೇ ಓಡಿಸುತ್ತಿತ್ತು. ಅದೇ ಕಾರಣಕ್ಕೆ ಒಎಸ್/2ಗೆಂದು ಯಾರೂ ಮನಸ್ಸಿಟ್ಟು ಬರೆಯಲಿಲ್ಲ ಎಂಬ ಮಾತಿದೆ. ಪ್ರೋಟಾನ್ ಬಂದ ಮೇಲೆ ಲಿನಕ್ಸ್‌ನ ಪ್ರತ್ಯೇಕ ಆವೃತ್ತಿ ಕೈಬಿಟ್ಟ ಗೇಮ್ ಕಂಪನಿಗಳೂ ಇವೆ. ಇನ್ನೊಂದು ಅಪಾಯವೆಂದರೆ ಈ ಓಟಕ್ಕೆ ಇಂಧನ ಹಾಕುತ್ತಿರುವುದು ಹೆಚ್ಚಾಗಿ ಒಂದೇ ಖಾಸಗಿ ಕಂಪನಿ. ವಾಲ್ವ್‌ನ ಮನಸ್ಸು ಬದಲಾದರೆ ಕೋಡ್ ಉಳಿಯುತ್ತದೆ, ವೇಗ ಉಳಿಯುವುದಿಲ್ಲ.

ಆದರೂ ಪ್ರತ್ಯೇಕ ಆವೃತ್ತಿಗಳ ಹಾದಿಯನ್ನು ಲಿನಕ್ಸ್ ಮೊದಲೇ ನೋಡಿದೆ. ಗೇಮ್‌ಗಳನ್ನು ಲಿನಕ್ಸ್‌ಗೆ ತರಲೆಂದೇ 1998ರಲ್ಲಿ ಹುಟ್ಟಿದ ಲೋಕಿ ಸಾಫ್ಟ್‌ವೇರ್ ನಾಲ್ಕು ವರ್ಷವೂ ಸರಿಯಾಗಿ ಬಾಳದೆ ಮುಚ್ಚಿತು. ಗ್ರಾಹಕರಿಲ್ಲದೆ ಗೇಮ್ ಬರುವುದಿಲ್ಲ, ಗೇಮ್ ಇಲ್ಲದೆ ಗ್ರಾಹಕರು ಬರುವುದಿಲ್ಲ ಎಂಬ ಚಕ್ರವನ್ನು ಮುರಿದದ್ದು ಅನುವಾದವೇ.

ಸರ್ಕಾರಗಳಿಗೂ ಈ ಪ್ರಶ್ನೆ ಬಿಟ್ಟಿಲ್ಲ. ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆಯ ಉಬುಂಟು ಆಧಾರಿತ ವ್ಯವಸ್ಥೆ ವರ್ಷಗಳಿಂದ ನಡೆಯುತ್ತಿದೆ. ಪಾಠಕ್ಕೆ ಬೇಕಾದ ತಂತ್ರಾಂಶಗಳನ್ನೇ ಮುಕ್ತ ರೂಪದಲ್ಲಿ ಜೋಡಿಸಿಕೊಂಡದ್ದರಿಂದ ಅಲ್ಲಿ ವೈನ್‌ನ ಅಗತ್ಯವೇ ಕಡಿಮೆ. ಸಿ-ಡಾಕ್ ತಯಾರಿಸಿದ ಬಾಸ್ ಇದೆ, ರಕ್ಷಣಾ ಸಚಿವಾಲಯ 2023ರಲ್ಲಿ ಮಾಯಾ ಎಂಬ ಉಬುಂಟು ಆಧಾರಿತ ವ್ಯವಸ್ಥೆಗೆ ಹೊರಳುವುದಾಗಿ ಹೇಳಿತು. ಜರ್ಮನಿಯ ಮ್ಯೂನಿಕ್ ನಗರಾಡಳಿತ ಸಾವಿರಾರು ಕಂಪ್ಯೂಟರ್‌ಗಳನ್ನು ಲಿನಕ್ಸ್‌ಗೆ ತಂದು, 2017ರಲ್ಲಿ ವಿಂಡೋಸ್‌ಗೆ ಮರಳಲು ತೀರ್ಮಾನಿಸಿದ ಕಥೆಯೂ ಇದೆ. ವಿಂಡೋಸ್‌ನಲ್ಲಷ್ಟೇ ಓಡುವ ಇಲಾಖೆಗಳ ವಿಶೇಷ ತಂತ್ರಾಂಶಗಳು ಅಲ್ಲಿ ಕೊನೆಯವರೆಗೂ ಕಾಡಿದವು. 2025ರ ಜುಲೈನಲ್ಲಿ ಯೂರೋಪಿನ ನಿರ್ಬಂಧದ ಕಾರಣಕ್ಕೆ ನಯಾರಾ ಎನರ್ಜಿಗೆ ಮೈಕ್ರೋಸಾಫ್ಟ್ ಸೇವೆ ನಿಂತು, ಕಂಪನಿ ದೆಹಲಿ ಹೈಕೋರ್ಟ್ ಮೆಟ್ಟಿಲೇರಿದ ಮೇಲೆ ಮರಳಿ ಬಂದ ಪ್ರಕರಣ ಭಾರತದಲ್ಲಿ ಈ ಚರ್ಚೆಗೆ ಹೊಸ ಬಿಸಿ ಕೊಟ್ಟಿತು. ಅದು ಕ್ಲೌಡ್ ಸೇವೆಯ ವಿಷಯ, ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂನದ್ದಲ್ಲ. ಆದರೆ ಕೀಲಿಕೈ ಯಾರ ಬಳಿ ಇದೆ ಎಂಬ ಪ್ರಶ್ನೆ ಎರಡರಲ್ಲೂ ಒಂದೇ.

ಮನೆಯ ಮಟ್ಟಿಗೆ ತೀರ್ಮಾನ ಇಷ್ಟು ಭಾರದ್ದಾಗಬೇಕಿಲ್ಲ. ಲಿನಕ್ಸ್ ಮಿಂಟ್ ಅಥವಾ ಉಬುಂಟುವನ್ನು ಪೆನ್ ಡ್ರೈವ್‌ಗೆ ಹಾಕಿ, ಡಿಸ್ಕ್ ಮುಟ್ಟದೆಯೇ ಅದರಿಂದ ಕಂಪ್ಯೂಟರ್ ಆನ್ ಮಾಡಿ, ವೈಫೈ, ಸೌಂಡ್, ಪ್ರಿಂಟರ್ ನಡೆಯುತ್ತವೆಯೇ ನೋಡಬಹುದು. ಬೇಕಾದ ಗೇಮ್‌ನ ಹೆಸರನ್ನು ಪ್ರೋಟಾನ್‌ಡಿಬಿಯಲ್ಲಿ, ಪ್ರೋಗ್ರಾಂನ ಹೆಸರನ್ನು ವೈನ್‌ನ ಪಟ್ಟಿಯಲ್ಲಿ ಹುಡುಕಿದರೆ ಬೇರೆಯವರ ಅನುಭವ ಸಿಗುತ್ತದೆ. ಹಳೆಯ ಗ್ರಾಫಿಕ್ಸ್ ಚಿಪ್‌ಗಳಲ್ಲಿ ಹಲವಕ್ಕೆ ವಲ್ಕನ್ ಬೆಂಬಲ ಪೂರ್ತಿ ಇರುವುದಿಲ್ಲ, ಅಲ್ಲಿ ದೊಡ್ಡ ಗೇಮ್‌ಗಳ ಆಸೆ ಬಿಡಬೇಕು. ಇನ್ನೊಂದು ಎಚ್ಚರ: ವೈನ್ ಸಾಮಾನ್ಯವಾಗಿ ನಿಮ್ಮ ಹೋಮ್ ಫೋಲ್ಡರ್ ಅನ್ನು ವಿಂಡೋಸ್ ಪ್ರೋಗ್ರಾಂಗೆ ತೆರೆದಿಡುತ್ತದೆ. ಎಲ್ಲಿಂದಲೋ ಇಳಿಸಿಕೊಂಡ ಕ್ರ್ಯಾಕ್ ಮಾಡಿದ ಪ್ರೋಗ್ರಾಂ ಅಲ್ಲೂ ಫೋಟೊ, ದಾಖಲೆಗಳಿಗೆ ಕೈ ಹಾಕಬಲ್ಲದು. ಲಿನಕ್ಸ್‌ನಲ್ಲಿ ವೈರಸ್ ಇಲ್ಲ ಎಂಬ ಅಂಗಡಿಯವರ ಮಾತನ್ನು ಇಲ್ಲಿ ನಂಬಬೇಡಿ.